ಪರ್ಸೆಂಟಣ್ಣ ನೋಡುತ್ತಿದ್ದ ಗಾಡಿ

ನಮ್ಮ ವರ್ಕ್‌ಶಾಪಿನಲ್ಲಿ ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗಗಳು ಆರು. ನಾವು ಅವನ್ನು ಬೇ ಎನ್ನುತ್ತೇವೆ. ಐದು ಬೇಗಳಲ್ಲಿ ದಿನವಿಡೀ ಸದ್ದು ಇರುತ್ತದೆ. ಕೊನೆಯ ಗೋಡೆಗೆ ತಾಗಿದ ಆರನೆಯದು ಮಾತ್ರ ಸುಮ್ಮನಿರುತ್ತದೆ. ಅಲ್ಲಿ ನಿಂತ ಕಾರಿನ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಬಾನೆಟ್ಟಿನ ಅಡಿಯಿಂದ ಎರಡು ದಪ್ಪ ವೈರುಗಳು ಹೊರಬಂದು ಚಾರ್ಜರಿಗೆ ಸೇರಿರುತ್ತವೆ. ಡ್ರೈವರ್ ಸೀಟಿನಲ್ಲಿ ಒಬ್ಬರು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿರುತ್ತಾರೆ. ಹನ್ನೊಂದು ವರ್ಷದಿಂದ ನಾನು ಕೌಂಟರಿನ ಗಾಜಿನ ಹಿಂದಿನಿಂದ ಈ ದೃಶ್ಯವನ್ನು ನೋಡುತ್ತಿದ್ದೇನೆ.

ದಾಟಿಹೋಗುವವರು ಯಾರಾದರೂ ಗಾಜು ತಟ್ಟಿ ಹುಬ್ಬು ಹಾರಿಸಿದರೆ ಅವರು ಒಳಗಿನಿಂದಲೇ ಬೆರಳು ಎತ್ತುತ್ತಾರೆ. ನಾಲ್ಕು ಬೆರಳು ಎತ್ತಿದರೆ ನಲವತ್ತು ಪರ್ಸೆಂಟ್. ಎರಡೂ ಅಂಗೈ ಅಗಲಿಸಿ ಒಂದು ಕಿರುಬೆರಳನ್ನು ಅರ್ಧ ಮಡಿಸಿದರೆ ಇನ್ನೇನು ಮುಗಿಯುತ್ತ ಬಂತೆಂದು ಅರ್ಥ. ಹೀಗಾಗಿ ಅವರಿಗೆ ಪರ್ಸೆಂಟಣ್ಣ ಎಂಬ ಹೆಸರು ಬಿತ್ತು. ಅವರೂ ಅದನ್ನು ಒಪ್ಪಿಕೊಂಡುಬಿಟ್ಟಿದ್ದರು. ಊಟ ಆಯ್ತಾ ಅಂದರೆ "ಎಪ್ಪತ್ತು ಪರ್ಸೆಂಟ್" ಎನ್ನುವರು. ಜ್ವರ ಬಂದು ಎರಡು ದಿನ ರಜೆ ಹಾಕಿ ಬಂದವರನ್ನು ಹೇಗಿದ್ದೀರಿ ಎಂದರೆ, "ಇನ್ಸ್ಟಾಲ್ ಆಗ್ತಾ ಇದೆ."

ಅವರ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಈಗಿನ ಕಾರುಗಳಲ್ಲಿ ಎಂಜಿನ್ನಿಗೊಂದು, ಬ್ರೇಕಿಗೊಂದು, ಸ್ಟಿಯರಿಂಗಿಗೊಂದು ಹೀಗೆ ಹತ್ತಾರು ಪುಟ್ಟ ಕಂಪ್ಯೂಟರುಗಳಿರುತ್ತವೆ. ಅವುಗಳ ಸಾಫ್ಟ್‌ವೇರಿನಲ್ಲಿ ಹುಳುಕು ಕಂಡರೆ ಕಂಪನಿ ಹೊಸದನ್ನು ಕಳಿಸುತ್ತದೆ. ಅದನ್ನು ಕಾರಿಗೆ ತುಂಬಲು ನಲವತ್ತು ನಿಮಿಷದಿಂದ ಎರಡು ಗಂಟೆಯವರೆಗೆ ಬೇಕು. ಆ ಹೊತ್ತಿನಲ್ಲಿ ಬ್ಯಾಟರಿ ಇಳಿಯಬಾರದು. ಬಾಗಿಲು ತೆಗೆದರೆ ದೀಪಗಳು ಹತ್ತಿ, ಮಲಗಿದ್ದ ಕಂಪ್ಯೂಟರುಗಳು ಎದ್ದುಬಿಡುತ್ತವೆ. ಆದ್ದರಿಂದ ಬಾಗಿಲು ತೆಗೆಯುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವಂತಿಲ್ಲ. ಬಿಟ್ಟರೆ ಆ ಕಂಪ್ಯೂಟರ್ ಮತ್ತೆ ಏಳದೆಯೂ ಹೋಗಬಹುದು. ಆಗ ಕಾರು ಬರೀ ತಗಡು.

ಸರ್ವಿಸಿಗೆ ಬಿಟ್ಟಾಗ ಇದನ್ನೂ ಮಾಡಿಕೊಡುತ್ತೀರಾ ಎಂದು ಗ್ರಾಹಕರು ಕೇಳುವುದುಂಟು. "ಎಲ್ಲಾ ಆಗುತ್ತೆ ಸರ್" ಎಂಬುದು ನನ್ನ ಬಾಯಿಪಾಠದ ಉತ್ತರವಾಗಿತ್ತು. ಒಮ್ಮೆ ಪರ್ಸೆಂಟಣ್ಣ ಅದನ್ನು ಕೇಳಿಸಿಕೊಂಡು, ಗ್ರಾಹಕರು ಅತ್ತ ಹೋದ ಮೇಲೆ ಕೌಂಟರಿಗೆ ಮೊಣಕೈ ಊರಿ ನಿಂತರು.

"ಎಲ್ಲಾ ಅಂದ್ರೆ ಏನೇನು ಸಾಹೇಬ್ರೇ?"

"ಎಲ್ಲಾ ಅಂದ್ರೆ... ಎಲ್ಲಾ."

"ಆಯಿಲ್ಲು, ಫಿಲ್ಟರ್ರು, ಬ್ರೇಕು, ಗಾಳಿ. ಅಷ್ಟೇ ನಮ್ಮ ಎಲ್ಲಾ. ಸಾಫ್ಟ್‌ವೇರು ಪಟ್ಟಿಯಲ್ಲೇ ಇಲ್ಲ. ಕೇಳಿದವರಿಗೆ ಉಂಟು, ಕೇಳದೇ ಇದ್ದವರಿಗೆ ಇಲ್ಲ. ಆ ಮನುಷ್ಯ ಪಾಪ ಕೇಳಿದ. ನೀವು ನಕ್ಕು ಕಳಿಸಿದ್ರಿ."

ಅವರು ಹೇಳಿದ್ದು ನಿಜವಾಗಿತ್ತು. ಕಾರಿನ ಚಾಸಿ ನಂಬರನ್ನು ಕಂಪ್ಯೂಟರಿಗೆ ಹಾಕಿದಾಗ, ಬಾಕಿ ಇರುವ ಅಪ್‌ಡೇಟುಗಳು ಪುಟದ ತೀರ ಕೆಳಗೆ ಒಂದು ಹಳದಿ ಗೆರೆಯಲ್ಲಿ ಬರುತ್ತವೆ. ಕೌಂಟರಿನವರು ಅಲ್ಲಿಯವರೆಗೆ ಪುಟವನ್ನು ಇಳಿಸಿ ನೋಡಿದರೆ ಕಂಡಿತು, ಇಲ್ಲವಾದರೆ ಇಲ್ಲ. ಒಂದು ಬೇ ಒಂದು ಗಂಟೆ ಕಟ್ಟಿಬಿದ್ದರೆ ಆ ದಿನದ ಎರಡು ಕಾರು ಕಡಿಮೆಯಾಗುತ್ತವೆ. ಇಳಿಸಿ ನೋಡದಿರಲು ಅಷ್ಟು ಕಾರಣ ಸಾಕು. ಪರ್ಸೆಂಟಣ್ಣ ಮಾತ್ರ ತಮ್ಮ ಕೈಗೆ ಸಿಕ್ಕ ಪ್ರತಿ ಕಾರಿಗೂ ವೈರು ಚುಚ್ಚಿ ನೋಡುತ್ತಿದ್ದರು. ಮ್ಯಾನೇಜರಿಗೂ ಅವರಿಗೂ ವಾರಕ್ಕೊಮ್ಮೆ ಈ ವಿಷಯದಲ್ಲಿ ಜಟಾಪಟಿಯಾಗುತ್ತಿತ್ತು.

"ಅಣ್ಣಾ, ಆ ಗಾಡಿಗೆ ಏನೂ ಕಂಪ್ಲೇಂಟ್ ಇರ್ಲಿಲ್ಲ. ಮೂರು ಜನ ಹೊರಗೆ ಕಾಯ್ತಿದ್ದಾರೆ. ನೀವು ಒಳಗೆ ಕೂತು ಧ್ಯಾನ ಮಾಡ್ತಿದ್ದೀರಾ?"

"ಹೌದು ಸರ್. ನೀವೂ ಬನ್ನಿ, ಪಕ್ಕದ ಸೀಟು ಖಾಲಿ ಇದೆ."

ಆಗ ಎಲ್ಲರೂ ನಗುತ್ತಿದ್ದೆವು. ಆ ಪಕ್ಕದ ಸೀಟು ಹನ್ನೊಂದು ವರ್ಷವೂ ಖಾಲಿಯೇ ಇತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅವರ ಮನೆಗೆ ನಾನು ಎರಡು ಬಾರಿ ಹೋಗಿದ್ದೇನೆ. ಬೀಗ ಮತ್ತು ಬಾಗಿಲ ಹಿಡಿಕೆಗಳನ್ನು ಮಾರುವ ಅಂಗಡಿಯ ಮೇಲೆ ಎರಡು ಕೋಣೆ. ಮೊದಲ ಸಲ ಹೋದಾಗ ಅವರ ಹೆಂಡತಿ ಇದ್ದರು, ಮಗಳಿದ್ದಳು, ಕೂರಲು ಜಾಗ ಸಾಲದೆ ನಾನು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದಿದ್ದೆ. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಸಿಕ್ಕ ಹೊಸತು. ನಮ್ಮ ಷೋರೂಮಿನಿಂದಲೇ ಅವಳ ಹೆಸರಿಗೆ ಒಂದು ಸಣ್ಣ ಬಿಳಿ ಕಾರು ತೆಗೆದಿದ್ದರು. ಅದರ ಮೊದಲ ಸರ್ವಿಸನ್ನು ಅಪ್ಪನೇ ರಜೆ ಹಾಕಿ ಬಂದು, ಗ್ರಾಹಕರ ಬೆಂಚಿನ ಮೇಲೆ ಕುಳಿತು ಮಾಡಿಸಿದರು. "ಇವತ್ತು ನಾನು ಕಸ್ಟಮರ್ರು. ಚಹಾ ಎಲ್ಲಿ?" ಎಂದು ನನ್ನನ್ನು ಗದರಿಸಿದ್ದು ನೆನಪಿದೆ.

ಎರಡನೆಯ ಸಲ ಹೋದದ್ದು ಹೆಂಡತಿ ತೀರಿಕೊಂಡಾಗ.

ಆ ದಿನ ನಡೆದದ್ದು ನನ್ನ ದಿನಚರಿಯಲ್ಲಿ ನಾಲ್ಕು ಸಾಲಿನಲ್ಲಿದೆ. ಅವರ ಹೆಂಡತಿ ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿದ್ದರು. ಅಂದು ಬೆಳಿಗ್ಗೆ ಸ್ವಲ್ಪ ಗೆಲುವಾಗಿದ್ದರೆಂದು ಇವರು ಕೆಲಸಕ್ಕೆ ಬಂದರು. ಒಂದು ಕಾರು ಸಂಜೆ ಐದಕ್ಕೆ ಬೇಕೆಂದು ಗ್ರಾಹಕರು ಪಟ್ಟು ಹಿಡಿದಿದ್ದರು. ಕೊಡುತ್ತೇನೆಂದು ಮಾತು ಕೊಟ್ಟವನು ನಾನು. ಮೂರು ಹತ್ತಕ್ಕೆ ಇವರು ಅಪ್‌ಡೇಟ್ ಶುರು ಮಾಡಿದರು. ಮೂರೂವರೆಗೆ ಮಗಳ ಫೋನು ಬಂತು, ಅಮ್ಮನ ಉಸಿರು ಏರುತ್ತಿದೆ, ಬನ್ನಿ ಎಂದು. ಇವರು, "ಇನ್ನು ಇಪ್ಪತ್ತು ನಿಮಿಷ ಕಣಮ್ಮ, ಮಧ್ಯದಲ್ಲಿ ಬಿಟ್ಟರೆ ಗಾಡಿ ಸತ್ತೇಹೋಗುತ್ತೆ" ಎಂದರಂತೆ. ನಮ್ಮಲ್ಲಿ ಆ ಕೆಲಸ ಗೊತ್ತಿದ್ದವರು ಆಗ ಬೇರೆ ಯಾರೂ ಇರಲಿಲ್ಲ. ಮೂರು ಐವತ್ತೆರಡಕ್ಕೆ ಕಾರಿನಿಂದ ಇಳಿದು ಓಡಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳು ಜಗಳವಾಡಲಿಲ್ಲ. ಅಪ್ಪ ಹೇಳಿದ ಆ ವಾಕ್ಯವನ್ನು ಅವರ ಮುಂದೆಯೇ, ಬಂದ ನೆಂಟರ ಎದುರಿಗೆ, ಒಂದಕ್ಷರ ಬಿಡದೆ ಒಮ್ಮೆ ಹೇಳಿದಳು. ಆ ಹೊತ್ತಿಗೆ ಅವಳಿಗೆ ಮದುವೆಯಾಗಿತ್ತು; ಮೂರು ತಿಂಗಳ ನಂತರ ಗಂಡನೊಂದಿಗೆ ಬೇರೆ ಊರಿಗೆ ಹೋದಳು. ಇವರು ಫೋನು ಮಾಡಿದರೆ ಎತ್ತಲಿಲ್ಲ. ಕೆಲವು ಸಲ ಮಾಡಿದ ಮೇಲೆ ಇವರೂ ಬಿಟ್ಟರು.

ಅದಾಗಿ ಒಂದು ವರ್ಷದ ಬಳಿಕ, ಒಂದು ಸೋಮವಾರ ಬೆಳಿಗ್ಗೆ ಶಟರ್ ತೆರೆಯುವ ಹೊತ್ತಿಗೆ ಬಂದು, ಕೌಂಟರಿನ ಮುಂದೆ ಕೆಮ್ಮಿದರು.

"ಒಂದು ಗಾಡಿ ನೋಡಬೇಕಿತ್ತು."

ಚಾಸಿ ನಂಬರಿನ ಕೊನೆಯ ಆರು ಅಂಕಿಗಳನ್ನು ಬಾಯಲ್ಲೇ ಹೇಳಿದರು. ನಾನು ಹಾಕಿದೆ. ಮೇಲೆ ಮಗಳ ಹೆಸರು ಬಂತು.

ನಮ್ಮ ಕಂಪನಿಯ ಯಾವ ವರ್ಕ್‌ಶಾಪಿನಲ್ಲಿ ಯಾವ ಕಾರಿಗೆ ಏನು ಮಾಡಿದರೂ ಅದು ಎಲ್ಲ ಕೌಂಟರುಗಳಿಗೂ ಕಾಣುತ್ತದೆ. ಸುಮಾರು ನೂರು ಕಿಲೋಮೀಟರ್ ಆಚೆಯ ಒಂದು ವರ್ಕ್‌ಶಾಪಿನಲ್ಲಿ ಅವಳ ಕಾರು ಸರ್ವಿಸಿಗೆ ಬಂದಿತ್ತು. ತಾರೀಕು, ಓಡಿದ ಕಿಲೋಮೀಟರು, ಬದಲಾಯಿಸಿದ ಸಾಮಾನು, ಅಷ್ಟೇ ವಿವರ. ಕೆಲಸಕ್ಕೆ ಸಂಬಂಧವಿಲ್ಲದೆ ಹೀಗೆ ತೆರೆದು ನೋಡುವುದು ನಿಯಮಕ್ಕೆ ವಿರುದ್ಧ ಎಂಬುದು ನನಗೆ ಗೊತ್ತಿತ್ತು. ಅವರು ಚಷ್ಮಾ ಹಾಕಿಕೊಂಡು ಪರದೆಯತ್ತ ಬಾಗಿ, ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು.

ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಇದು ನಡೆಯಿತು. ಹೆಚ್ಚಿನ ತಿಂಗಳು ಹೊಸದೇನೂ ಇರುತ್ತಿರಲಿಲ್ಲ. ಇದ್ದಾಗ ಆ ಇಡೀ ದಿನ ಅವರ ನಡಿಗೆಯೇ ಬೇರೆಯಾಗುತ್ತಿತ್ತು.

"ಆರು ತಿಂಗಳಲ್ಲಿ ಹನ್ನೆರಡು ಸಾವಿರ ಓಡಿಸಿದ್ದಾಳೆ! ಏನು ತಿರುಗಾಟ ಮಾರಾಯ್ರೇ! ಊರೂರಿಗೆ ಹೋಗಿ ಕಣ್ಣು ನೋಡೋ ಕೆಲಸ ಇರಬೇಕು."

"ಇರಬಹುದು."

"ಕ್ಲಚ್ ಪ್ಲೇಟ್ ಹೋಗಿದೆ ನೋಡಿ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತಾಳೆ. ಎಷ್ಟು ಸಲ ಹೇಳಿದ್ದೆ. ಅವಳಮ್ಮನ ಹಾಗೇ ಹಟ."

ಈಗ್ಗೆ ಒಂದೂವರೆ ವರ್ಷದ ಹಿಂದೆ ಒಂದು ಸಾಲು ಬಂತು: ಹಿಂದಿನ ಎರಡೂ ಬಾಗಿಲುಗಳ ಚೈಲ್ಡ್ ಲಾಕ್ ದುರಸ್ತಿ. ಒಳಗೆ ಕುಳಿತವರು ಬಾಗಿಲು ತೆಗೆಯಲಾಗದಂತೆ ಮಾಡುವ ಚಿಲಕ ಅದು. ಪರ್ಸೆಂಟಣ್ಣ ಆ ಸಾಲಿನ ಮೇಲೆ ಇಟ್ಟ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ.

"ಎಷ್ಟು ವರ್ಷದ ಮಗು ಕಾರಿನ ಬಾಗಿಲು ಎಳೆಯೋಕೆ ಶುರು ಮಾಡುತ್ತೆ ಸಾಹೇಬ್ರೇ?"

"ಎರಡು, ಎರಡೂವರೆ..."

ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ ತಲೆಯಾಡಿಸಿದರು. ಅಂದು ಮಧ್ಯಾಹ್ನ ಎಲ್ಲರಿಗೂ ಚಹಾ ತರಿಸಿದರು. ಯಾಕೆಂದು ಕೇಳಿದಾಗ, "ತಾತ ಆಗಿದ್ದೀನಿ" ಎಂದರು. ವಾಟರ್ ವಾಷ್ ಮಾಡುವವನು ಅವತ್ತಿನಿಂದ ಅವರನ್ನು ತಾತ ಎಂದೇ ಕರೆಯತೊಡಗಿದ.

"ಮೊಮ್ಮಗು ನೋಡೋಕೆ ಯಾವಾಗ ಹೋಗ್ತೀರಿ ತಾತಾ?"

"ಹೊರಟಿದ್ದೀನಪ್ಪ. ಹತ್ತು ಪರ್ಸೆಂಟ್ ಆಗಿದೆ."

ಅವರ ಮಾತಿಗೆ ಎಲ್ಲರೂ ನಕ್ಕರು. ಆ ಸಂಜೆ ಮನೆಗೆ ಹೊರಡುವ ಮುನ್ನ ಅವರು ಒಂದು ಕಾಗದದ ಮೇಲೆ ಹೆಣ್ಣಿಗೂ ಗಂಡಿಗೂ ಹೊಂದುವ ಹೆಸರುಗಳನ್ನು ಬರೆದು ನೋಡುತ್ತಿದ್ದರು. ಹೆಸರಿಡುವ ಕಾಲ ಯಾವಾಗಲೋ ಕಳೆದಿತ್ತೆಂಬುದನ್ನು ನಾನು ಎತ್ತಲಿಲ್ಲ.

ಕಳೆದ ವರ್ಷದ ಕೊನೆಗೆ ಕಂಪನಿಯಿಂದ ಒಂದು ಸೂಚನೆ ಬಂತು. ಆ ಮಾದರಿಯ ಕಾರುಗಳು ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಎಂಜಿನ್ ತಾನಾಗಿ ನಿಂತುಬಿಡುವ ಸಂಭವವಿದೆ. ಆಗ ಸ್ಟಿಯರಿಂಗ್ ಬಿಗಿಯಾಗುತ್ತದೆ. ಹೊಸ ಸಾಫ್ಟ್‌ವೇರ್ ತುಂಬಿದರೆ ಸರಿಹೋಗುತ್ತದೆ. ಜನವರಿಯ ಮೊದಲ ಸೋಮವಾರ ಮಗಳ ಕಾರಿನ ಪುಟ ತೆರೆದಾಗ ಪರ್ಸೆಂಟಣ್ಣ ಮೇಲಿನ ಯಾವುದನ್ನೂ ಓದದೆ, "ಕೆಳಗೆ ಹೋಗಿ" ಎಂದರು. ಹಳದಿ ಗೆರೆ ಇತ್ತು. ಫೆಬ್ರವರಿಯಲ್ಲೂ ಇತ್ತು. ಮಾರ್ಚಿನಲ್ಲಿ ಆ ಕಾರು ಸರ್ವಿಸಿಗೆ ಹೋಗಿಬಂದಿತ್ತು; ಆಮೇಲೂ ಗೆರೆ ಹಾಗೇ ಇತ್ತು.

"ಆಯಿಲ್ ಬದಲಾಯಿಸಿದ್ದಾರೆ. ವೈಪರ್ ಬದಲಾಯಿಸಿದ್ದಾರೆ. ಒಳಗೆ ಸೆಂಟು ಬೇರೆ ಹೊಡೆದಿದ್ದಾರೆ," ಅವರ ದನಿ ಮೆಲ್ಲಗೆ ಏರಿತು. "ಇದೊಂದು ಮಾಡೋಕೆ ಅವರಿಗೇನಾಗಿತ್ತು?"

"ಕೆಳಗಿನವರೆಗೆ ನೋಡಿರಲ್ಲ."

"ಅವಳು ಕೇಳಿದ್ರೂ ಕೇಳಿರ್ತಾಳೆ. 'ಎಲ್ಲಾ ಆಗುತ್ತೆ' ಅಂದಿರ್ತಾರೆ."

ನಾನು ಪುಟವನ್ನು ಮತ್ತೆ ಮೇಲಕ್ಕೆ ಸರಿಸಿದೆ.

"ಹಿಂದೆ ಮಗು ಕೂತಿರುತ್ತೆ," ಎಂದರು. ಕೌಂಟರಿನ ಫೋನಿನತ್ತ ಕೈ ಮಾಡಿ, "ನಾನು ಮಾಡಿದ್ರೆ ಎತ್ತಲ್ಲ. ನೀವು ಮಾಡಿ. ಕಂಪನಿಯಿಂದ ಅನ್ನಿ. ನನ್ನ ಸುದ್ದಿ ಎತ್ತಬೇಡಿ. ಹಟ ಮಾಡಿ ಆ ಅಪ್‌ಡೇಟ್ ಮಾಡಿಸ್ಕೋ ಅಂತ ಹೇಳಿ, ಅಷ್ಟೇ ಸಾಕು."

ಪರದೆಯ ಮೇಲೆ ಗ್ರಾಹಕರ ನಂಬರಿನ ಕೊನೆಯ ಎರಡು ಅಂಕಿಗಳು ಮಾತ್ರ ಕಾಣುತ್ತವೆ. ಪಕ್ಕದ ಗುಂಡಿ ಒತ್ತಿದರೆ ಕರೆ ಹೋಗುತ್ತದೆ. ಅವರು ಅಲ್ಲಿ ನಿಲ್ಲಲಿಲ್ಲ. ಆರನೆಯ ಬೇಗೆ ಹೋಗಿ, ಕೆಲಸವಿಲ್ಲದ ಒಂದು ಕಾರಿನೊಳಗೆ ಬಾಗಿಲು ಹಾಕಿಕೊಂಡು ಕುಳಿತರು. ನಾನು ಗುಂಡಿ ಒತ್ತಿದೆ.

ಎತ್ತಿದ್ದು ಗಂಡಸಿನ ದನಿ. ಹಿಂದೆ ಯಾವುದೋ ಯಂತ್ರ ಟಕಟಕ ಎನ್ನುತ್ತಿತ್ತು. ನಾನು ಮಗಳ ಹೆಸರು ಹೇಳಿ, ಇದ್ದಾರೆಯೇ ಎಂದು ಕೇಳಿದೆ.

"ಅಯ್ಯೋ, ಅವರು ಯಾರು ಅಂತ ನನಗೂ ಗೊತ್ತಿಲ್ಲ ಸ್ವಾಮಿ. ಸರ್ವಿಸ್‌ಗೆ ಹೋದಾಗೆಲ್ಲ ಅದೇ ಹೆಸರಲ್ಲಿ ಕರೀತಾರೆ, ನಾನೂ ಬಂದೆ ಅಂತ ಎದ್ದು ಹೋಗ್ತೀನಿ. ಗಾಡಿ ನಂದು. ತಗೊಂಡು ಎರಡು ವರ್ಷದ ಮೇಲಾಯ್ತು. ನಡುವೆ ಒಬ್ಬ ದಲ್ಲಾಳಿ ಇದ್ದ, ಮಾರಿದವರ ಮುಖಾನೇ ನಾನು ನೋಡಿಲ್ಲ."

ಅವರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಸುತ್ತಲಿನ ಊರುಗಳ ಟೈಲರುಗಳ ಬಳಿಗೆಲ್ಲ ಕಾರಿನಲ್ಲೇ ಹೋಗುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ ಕಾರಣ ಎಂಬತ್ತರ ಹತ್ತಿರದ ತಾಯಿಯನ್ನೂ ಜೊತೆಯಲ್ಲೇ ಕರೆದೊಯ್ಯುತ್ತಾರೆ. ನಾನು ಕೇಳದೆಯೇ ಇಷ್ಟೆಲ್ಲ ಹೇಳಿದರು. ಕೊನೆಗೆ ನಾನು ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ: ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಮಾಡಿಸಿದ್ದೀರಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ?

"ಮದುವೆನೇ ಆಗಿಲ್ಲ, ಮಕ್ಕಳೆಲ್ಲಿಂದ ಬರ್ತವೆ! ಓ, ಆ ಚಿಲಕಾನಾ? ಅದು ಅಮ್ಮನಿಗೆ. ಮರೆವು ಜಾಸ್ತಿ. ಗಾಡಿ ಓಡ್ತಿರುವಾಗ್ಲೇ ಮನೆ ಬಂತು ಅಂತ ಬಾಗಿಲು ತೆಗೆದುಬಿಡ್ತಾಳೆ."

ಅಪ್‌ಡೇಟಿನ ವಿಷಯ ತಿಳಿಸಿದೆ. ತಿರುವಿನಲ್ಲಿ ಎರಡು ಸಲ ಎಂಜಿನ್ ನಿಂತಿದ್ದು ನಿಜವೆಂದರು. ಸರ್ವಿಸಿಗೆ ಬಿಟ್ಟಾಗ ಹೇಳಿದ್ದರಂತೆ. ಪೆಟ್ರೋಲಿನಲ್ಲಿ ಕಸ ಇರಬೇಕೆಂದು ಕಳಿಸಿದ್ದರಂತೆ. ಈ ಸಲ ಅಪ್‌ಡೇಟಿನ ಹೆಸರನ್ನೇ ಹೇಳಿ ಕೇಳಿ, ಆಗದಿದ್ದರೆ ನಮ್ಮಲ್ಲಿಗೆ ತನ್ನಿ ಎಂದು ಫೋನಿಟ್ಟೆ.

ಆ ಕಡೆಯ ವರ್ಕ್‌ಶಾಪಿನವರು ಹೊಸ ಫೋನ್ ನಂಬರನ್ನು ಸೇರಿಸಿಕೊಂಡಿದ್ದರು, ಮಾಲೀಕರ ಹೆಸರನ್ನು ಬದಲಾಯಿಸಿರಲಿಲ್ಲ. ನಂಬರಿಗೆ ಎರಡು ಕ್ಷಣ ಸಾಕು, ಹೆಸರಿಗೆ ಕಾಗದ ಪತ್ರ ಬೇಕು. ನಮ್ಮ ಕೌಂಟರಿನಲ್ಲೂ ನಾವು ಹಾಗೆಯೇ ಮಾಡುತ್ತೇವೆ.

ಆರನೆಯ ಬೇಗೆ ನಡೆದುಹೋದೆ. ಅಲ್ಲಿಯವರೆಗೆ ನಲವತ್ತು ಹೆಜ್ಜೆ ಇರಬಹುದು. ಪಕ್ಕದ ಸೀಟಿನ ಬಾಗಿಲು ತೆಗೆದು ಒಳಗೆ ಕುಳಿತೆ. ಅವರು ಮುಂದಿನ ಗಾಜಿನತ್ತಲೇ ನೋಡುತ್ತಿದ್ದರು. ನಾನು ಕಾರು ಮಾರಿಹೋದದ್ದನ್ನು ಹೇಳಿದೆ, ಎರಡು ವರ್ಷವಾಯಿತೆಂದು ಹೇಳಿದೆ. ಅವರು ಎರಡು ವರ್ಷದ ಹಿಂದಿನಿಂದ ಒಂದೊಂದೇ ಸಾಲನ್ನು ನೆನಪಿನಲ್ಲಿ ತಿರುವಿ ಹಾಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

"ಕ್ಲಚ್ಚು?"

"ಅವರದೇ. ಹೊಲಿಗೆ ಯಂತ್ರ ರಿಪೇರಿಯವರು."

"ಹೂಂ." ಗೇರಿನ ಹಿಡಿಕೆಯನ್ನು ಒಮ್ಮೆ ಹಿಡಿದು ಬಿಟ್ಟರು. "ಚೈಲ್ಡ್ ಲಾಕು?"

ಸುಳ್ಳು ಹೇಳುವ ಅವಕಾಶವಿತ್ತು. ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ ಎಂದು ಆಮೇಲೆ ಹಲವು ಸಲ ಅನ್ನಿಸಿದೆ. ನಾನು ಆ ತಾಯಿಯ ವಿಷಯ ಹೇಳಿದೆ.

ಪರ್ಸೆಂಟಣ್ಣ ಸ್ಟಿಯರಿಂಗ್ ಮೇಲೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿದರು. "ಅವರಿಗೆ ಅಪ್‌ಡೇಟ್ ವಿಷಯ ಹೇಳಿದ್ರಾ?"

"ಹೇಳಿದೆ."

"ಒಳ್ಳೇದಾಯ್ತು," ಎಂದು ಇಳಿದು, ಮೂರನೆಯ ಬೇಯಲ್ಲಿ ಯಾರೋ ಕರೆದರೆಂದು ಹೋದರು. ಯಾರೂ ಕರೆದಿರಲಿಲ್ಲ.

ಹತ್ತು ದಿನದ ಬಳಿಕ ಆ ಬಿಳಿ ಕಾರು ನಮ್ಮ ಗೇಟಿನೊಳಗೆ ಬಂತು. ಆ ಕಡೆಯವರು ಇವತ್ತು ನಾಳೆ ಎಂದು ಕಾಯಿಸಿದಾಗ ಯಂತ್ರ ರಿಪೇರಿಯವರು ಬೇಸತ್ತು ಇಲ್ಲಿಗೇ ಓಡಿಸಿಕೊಂಡು ಬಂದಿದ್ದರು. ಹಿಂದಿನ ಸೀಟಿನಲ್ಲಿ ತಾಯಿ, ಮಡಿಲಲ್ಲಿ ಒಂದು ಕೈಚೀಲ. ಕಾರು ಆರನೆಯ ಬೇಯಲ್ಲಿ ನಿಂತಿತು. ಪರ್ಸೆಂಟಣ್ಣ ಚಾರ್ಜರ್ ಎಳೆದುಕೊಂಡು ಬಂದರು. ಕಾರನ್ನು ಒಂದು ಸುತ್ತು ಹಾಕಿ ನೋಡಲೂ ಇಲ್ಲ. ಆದರೆ ತಾಯಿ ಇಳಿಯಲು ಒಪ್ಪಲಿಲ್ಲ.

"ಇದು ನಮ್ಮನೆ ಅಲ್ಲ. ನಾನು ಇಳಿಯಲ್ಲ."

"ಅಮ್ಮಾ, ಸ್ವಲ್ಪ ಹೊತ್ತು. ಅಲ್ಲಿ ಫ್ಯಾನ್ ಇದೆ, ಟಿವಿ ಇದೆ," ಎಂದು ಮಗ ಬೇಡಿಕೊಂಡರು.

"ಟಿವಿ ನೀನೇ ನೋಡು."

ಮಗನ ಮುಖ ಸಣ್ಣದಾಯಿತು. ಪರ್ಸೆಂಟಣ್ಣ, "ಇರಲಿ ಬಿಡಿ, ಕೂತಿರಲಿ. ಹಿಂದಿನ ಬಾಗಿಲು ಹೇಗೂ ಒಳಗಿಂದ ತೆಗೆಯೋಕೆ ಬರಲ್ವಲ್ಲ," ಎಂದರು. ಮಗನನ್ನು ಕ್ಯಾಂಟೀನಿಗೆ ಕಳಿಸಿ, ತಾವು ಡ್ರೈವರ್ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡರು.

ಆ ಐವತ್ತೈದು ನಿಮಿಷ ಕೌಂಟರಿನಿಂದ ನನಗೆ ಕಂಡದ್ದು, ಮುಂದೊಂದು ತಲೆ, ಹಿಂದೊಂದು ತಲೆ. ಒಳಗಿನ ಮಾತನ್ನು ಅವರು ಆಮೇಲೆ ಹೇಳಿದರು. ಆಕೆ ಐದೈದು ನಿಮಿಷಕ್ಕೆ "ಮನೆ ಬಂತಾ?" ಎಂದು ಕೇಳುತ್ತಿದ್ದರಂತೆ. ಇವರು "ಇಪ್ಪತ್ತು ಪರ್ಸೆಂಟ್ ಬಂತಮ್ಮ" ಎಂದರಂತೆ, "ನಲವತ್ತು ಬಂತು" ಎಂದರಂತೆ. ಅರವತ್ತರ ಹತ್ತಿರ ಆಕೆಗೆ ಸಿಟ್ಟು ಬಂತು.

"ಎಷ್ಟು ನಿಧಾನ ಓಡಿಸ್ತೀಯಪ್ಪ ನೀನು! ಗಾಡಿ ಅಲುಗಾಡ್ತಾನೇ ಇಲ್ಲ."

"ರಸ್ತೆ ಚೆನ್ನಾಗಿದೆ ಅಮ್ಮ, ಅದಕ್ಕೇ."

"ನಿನ್ನ ಮನೇಲಿ ಯಾರೂ ಕಾಯಲ್ವಾ?"

ಅದಕ್ಕೆ ಏನೆಂದಿರಿ ಎಂದು ನಾನು ಕೇಳಿದೆ.

"ಕಾಯಲ್ಲ ಅಂದೆ. 'ಹಾಗಾದ್ರೆ ನಿಧಾನಕ್ಕೇ ಓಡಿಸು' ಅಂದ್ರು."

ಹೇಳಿ ಅವರು ನಕ್ಕರು. ನಾನೂ ನಕ್ಕೆ. ವಾಟರ್ ವಾಷಿನವನು ದೂರದಿಂದ, "ಏನು ತಾತಾ, ಜೋರು ನಗು?" ಎಂದು ಕೂಗಿದ. ಅವರು ಕೈ ಬೀಸಿದರು. ಅವನನ್ನು ತಿದ್ದಲು ಹೋಗಲಿಲ್ಲ, ಇವತ್ತಿನವರೆಗೂ ಹೋಗಿಲ್ಲ.

ಹಳದಿ ಗೆರೆ ಅಳಿಸಿಹೋದ ಮೇಲೆ ಅವರು ಕೌಂಟರಿಗೆ ಬಂದು, "ಹೆಸರೂ ಸರಿ ಮಾಡಿಬಿಡಿ. ಮುಂದೆ ಇಂಥದ್ದೇ ಏನಾದ್ರೂ ಬಂದಾಗ ಕಂಪನಿ ಕಾಗದ ಸರಿಯಾದವರಿಗೆ ಹೋಗಬೇಕು," ಎಂದರು. ಯಂತ್ರ ರಿಪೇರಿಯವರ ಬಳಿ ಕಾಗದಗಳೆಲ್ಲ ಇದ್ದವು. ನಾನು ನಮೂನೆ ತೆರೆದೆ. ಹೆಸರು ಬದಲಾಯಿಸುವಾಗ, ಹಳೆಯ ಮಾಲೀಕರು ಕಾರು ಕೊಂಡಾಗ ಕೊಟ್ಟಿದ್ದ ಫೋನ್ ನಂಬರಿಗೆ ತಾನಾಗಿ ಒಂದು ಸಂದೇಶ ಹೋಗುತ್ತದೆ: ವಾಹನದ ದಾಖಲೆಯನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಲಾಗುತ್ತಿದೆ, ಆಕ್ಷೇಪವಿದ್ದಲ್ಲಿ ಏಳು ದಿನಗಳೊಳಗೆ ಇಂಥವರನ್ನು ಸಂಪರ್ಕಿಸಿ ಎಂದು. ಇಂಥವರು ಎನ್ನುವ ಜಾಗದಲ್ಲಿ ಸಾಮಾನ್ಯವಾಗಿ ನನ್ನ ಹೆಸರಿರುತ್ತದೆ.

"ನನ್ನದು ಹಾಕಬಹುದಾ?" ಎಂದರು ಪರ್ಸೆಂಟಣ್ಣ. "ಕೆಲಸ ಮಾಡಿದ್ದು ನಾನು ತಾನೇ."

ಅವರ ಪೂರ್ತಿ ಹೆಸರನ್ನೂ ನಂಬರನ್ನೂ ಹಾಕಿ ಕಳಿಸಿದೆ. ಬೆಳಿಗ್ಗೆ ಹನ್ನೊಂದು ಹತ್ತು.

ಆ ಏಳು ದಿನ ಅವರು ಕಾರಿನೊಳಗೆ ಕೂತಾಗ ಫೋನನ್ನು ಡ್ಯಾಷ್‌ಬೋರ್ಡಿನ ಮೇಲೆ, ಮುಖ ಮೇಲಾಗಿ ಇಟ್ಟುಕೊಂಡಿದ್ದರು. ಮೊದಲು ಅದು ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಎರಡನೆಯ ದಿನ ಒಂದು ಕರೆ ಬಂತು; ಬೀಗದ ಅಂಗಡಿಯವರು, ಮೇಲಿನ ನಲ್ಲಿ ಸೋರುತ್ತಿದೆ ಎಂದು. ನಾಲ್ಕನೆಯ ದಿನ ಅವರು ಒಂದು ಅಪ್‌ಡೇಟ್ ಶುರು ಮಾಡುವ ಮುನ್ನ, ಆ ಕೆಲಸ ಈಚೆಗೆ ಕಲಿತಿರುವ ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕರೆದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. "ಅಕಸ್ಮಾತ್ ನಾನು ಎದ್ದು ಹೋಗಬೇಕಾದ್ರೆ ನೀನು ಹಿಡ್ಕೋ," ಎಂದದ್ದು ಬಾಗಿಲು ಮುಚ್ಚುವ ಮೊದಲು ನನಗೆ ಕೇಳಿಸಿತು. ಐದನೆಯ ದಿನವೂ, ಆರನೆಯ ದಿನವೂ ಹಾಗೆಯೇ ಮಾಡಿದರು. ಮ್ಯಾನೇಜರ್ ಒಂದು ಕೆಲಸಕ್ಕೆ ಇಬ್ಬರೇ ಎಂದು ಗೊಣಗಲು ಹೊರಟವರು ಯಾಕೋ ಅರ್ಧದಲ್ಲೇ ತಿರುಗಿ ಹೋದರು.

ಏಳನೆಯ ದಿನ ಸಂಜೆ ಬೀಗ ಹಾಕುವ ಹೊತ್ತಿಗೆ ಅವರು ಕೌಂಟರಿಗೆ ಬಂದರು. ಕೈ ತೊಳೆದು, ತಲೆ ಬಾಚಿಕೊಂಡಿದ್ದರು. ನಾನು ಪುಟ ತೆರೆದೆ. ಆಕ್ಷೇಪ: ಇಲ್ಲ. ಮೇಲೆ ಹೊಲಿಗೆ ಯಂತ್ರ ರಿಪೇರಿಯವರ ಹೆಸರು ಬಂದು ಕೂತಿತ್ತು.

"ಸಂದೇಶ ಹೋಗಿತ್ತಾ?"

"ಹೋಗಿತ್ತು."

"ಹೋಗಿದ್ದು ಸರಿ. ತಲುಪಿದೆ ಅಂತ ಇದೆಯಾ?"

ನಾನು ಪರದೆಯನ್ನು ಅವರತ್ತ ತಿರುಗಿಸಿದೆ. ತಲುಪಿದೆ ಎಂದಿತ್ತು. ಅದೇ ದಿನ, ಕಳಿಸಿದ ನಿಮಿಷದಲ್ಲೇ. ಅವರು ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ಹಾಗಾದ್ರೆ ನಂಬರ್ ಬದಲಾಯಿಸಿಲ್ಲ ಅವಳು," ಎಂದರು.